ಗಾಯ ನೋಡಿ ಬೇಟೆ ಹಿಡಿಯುವ ಪಾರ್ವತಿಬೆನ್

ಬೆಳಿಗ್ಗೆ ಆರೂಕಾಲು. ವಡೋದರಾದ ಗೋರ್ವಾದಲ್ಲಿ, ಕಾರ್ಖಾನೆ ಶೆಡ್ಡುಗಳ ಹಿಂದಿನ ಪಶು ಚಿಕಿತ್ಸಾಲಯದ ಗೇಟು ಇನ್ನೂ ಪೂರ್ತಿ ತೆರೆದಿಲ್ಲ. ಹೊರಗೆ ಒಬ್ಬ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಕಾಲಿಡುವ ಜಾಗದಲ್ಲಿ ಗೋಣಿಚೀಲ, ಅದರ ಮೇಲೆ ಉದ್ದ ಕಾಲಿನ ಬಿಳಿ ನಾಯಿ. ಗೇಟಿನ ಒಳಗಿಂದ ಬಂದ ಹೆಂಗಸು ಆ ಮನುಷ್ಯನ ಮುಖ ನೋಡುವುದಿಲ್ಲ. ನೇರ ನಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಉಗುರಿನ ಸಂದು ನೋಡುತ್ತಾರೆ, ಬಾಯಿ ಮೂಸುತ್ತಾರೆ, ಕತ್ತಿನ ಕೂದಲನ್ನು ಎರಡು ಬೆರಳಲ್ಲಿ ಬಿಡಿಸುತ್ತಾರೆ.

"ಏನಾಯಿತು?" ಗುಜರಾತಿಯಲ್ಲಿ ಪ್ರಶ್ನೆ.

"ತಂತಿ ಬೇಲಿ ತಾಗಿತು, ಬೆನ್." ಬೆನ್ ಎಂದರೆ ಅಕ್ಕ.

"ಬೇಲಿ ಹಾರಿದ ನಾಯಿಗೆ ಹೊಟ್ಟೆ ತರಚುತ್ತದೆ. ಇದಕ್ಕೆ ಕತ್ತು ಹರಿದಿದೆ. ನಿಮ್ಮ ಬೇಲಿಗೆ ಹಲ್ಲಿದ್ದವೇ?"

ಆತ ಅತ್ತಿತ್ತ ನೋಡುತ್ತಾನೆ. ಇನ್ನೂ ಎರಡು ಪ್ರಶ್ನೆ ಆದ ಮೇಲೆ ನಿಜ ಹೊರಬರುತ್ತದೆ. ಅಷ್ಟು ಆಸೆಪಟ್ಟು ತಂದ ಜಾತಿ ನಾಯಿಯನ್ನು ಗಲ್ಲಿಯ ಬೀದಿನಾಯಿ ಕಚ್ಚಿ ಕೆಡವಿದೆ. ಹೇಳಿಕೊಳ್ಳಲು ನಾಚಿಕೆ. ಪಾರ್ವತಿ ಹೊಸಮನಿ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಾರೆ, "ಬೇಲಿ ಅಂತ ನಂಬಿದ್ರ ಹೊಲಿಗಿ ಹಾಕಿ ಕಳಸ್ತಿದ್ವಿ. ರೇಬೀಸ್ ಸೂಜಿ ತಪ್ಪಿ ಹೋಗ್ತಿತ್ತು. ಅದಕ್ಕ ನಾ ಮಂದಿ ಮಾತು ಕೇಳಂಗಿಲ್ರಿ, ಗಾಯ ನೋಡ್ತೀನಿ."

ಐವತ್ತಮೂರು ವರ್ಷದ ಪಾರ್ವತಿ ಇಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡ್ರೆಸ್ಸರ್. ಗಾಯ ತೊಳೆಯುವುದು, ಕೂದಲು ಬೋಳಿಸುವುದು, ಪಟ್ಟಿ ಕಟ್ಟುವುದು, ಡಾಕ್ಟರ್ ಹೊಲಿಗೆ ಹಾಕುವಾಗ ಪ್ರಾಣಿಯನ್ನು ಹಿಡಿದುಕೊಳ್ಳುವುದು ಅವರ ಕೆಲಸ. ದಿನಕ್ಕೆ ಇಪ್ಪತ್ತೈದು ಪಟ್ಟಿ ಮಾಮೂಲು; ಉತ್ತರಾಯಣದ ಗಾಳಿಪಟದ ಸಮಯದಲ್ಲಿ ದಾರ ತಾಗಿದ ಹಕ್ಕಿಗಳೂ ಸೇರಿ ಎಂಬತ್ತು ದಾಟುತ್ತದೆ. ಎಡಗೈಯಲ್ಲಿ ನಾಯಿ ಕಚ್ಚಿದ ಹನ್ನೊಂದು ಕಲೆಗಳಿವೆ. ಊರು ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಹತ್ತಿರ. ಗಂಡ ಮಲ್ಲಿಕಾರ್ಜುನ ರೈಲ್ವೆ ನೌಕರ. ಅವರ ವರ್ಗಾವಣೆಯ ಬೆನ್ನಿಗೆ ವಡೋದರಾಕ್ಕೆ ಬಂದವರು ಇಲ್ಲೇ ಉಳಿದರು.

ನಾನು ಈ ಹೆಂಗಸಿನ ಬಗ್ಗೆ ಕೇಳಿದ್ದು ಸೂರತ್ತಿನ ಬ್ಯಾಂಕಿನಲ್ಲಿರುವ ಗೆಳೆಯನ ಬಾಯಲ್ಲಿ. ಗಾಯ ನೋಡಿ ಬೇಟೆ ಕೇಸು ಹಿಡಿಸಿದರಂತೆ ಎಂದು ಅವನು ಹೇಳಿದಾಗ ನಂಬಿರಲಿಲ್ಲ. ಯಾರ ಮೇಲಿನದೋ ಹಗೆ ತೀರಿಸಿಕೊಂಡಿರಬಹುದು ಎಂದುಕೊಂಡೇ ಬಂದೆ. ಬಂದ ಮೊದಲ ದಿನ ಪಾರ್ವತಿಯೂ ನನ್ನನ್ನು ನಂಬಲಿಲ್ಲ. ಪತ್ರಿಕೆಯ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮನ್ನ ಯಾರ ಕಳಸ್ಯಾರ?" ಎಂದು ಎರಡು ಸಲ ಕೇಳಿದರು.

ಕಥೆ ಶುರುವಾಗಿದ್ದು ನಾಲ್ಕು ಚಳಿಗಾಲದ ಹಿಂದೆ, ಒಂದು ಸೋಮವಾರ. ಕಿಶೋರ್ ಎಂಬಾತ ತನ್ನ ಬೇಟೆ ತಳಿಯ ನಾಯಿಯನ್ನು ತಂದಿದ್ದ. ದವಡೆ ಊದಿತ್ತು. ಜಾಲಿ ಮುಳ್ಳು ಚುಚ್ಚಿದೆ ಎಂದ. ಪಾರ್ವತಿ ಇಕ್ಕಳದಿಂದ ಎಳೆದಾಗ ಬಂದದ್ದು ಕಪ್ಪು ಬಿಳುಪು ಪಟ್ಟೆಯ, ಬೆರಳುದ್ದದ, ತುದಿ ಮುರಿದ ಮುಳ್ಳು. ಜಾಲಿಯಲ್ಲಿ ಅಂಥ ಮುಳ್ಳು ಬಿಡುವುದಿಲ್ಲ. ಅದು ಮುಳ್ಳುಹಂದಿಯದು.

"ನಂಗ ನೋಡಿದ ಕೂಡ್ಲೆ ಗೊತ್ತಾತು. ನಮ್ಮಪ್ಪನ ನಾಯಿ ಮುಖದಾಗಿಂದ ಇಂಥಾವ ಎಷ್ಟ ಕಿತ್ತೀನಿ," ಎನ್ನುತ್ತಾರೆ. ಇದನ್ನು ಹೇಳುವಾಗ ದನಿ ತಗ್ಗುತ್ತದೆ. ಮುಧೋಳ ತಳಿಯ ನಾಯಿಗಳನ್ನು ಸಾಕಿದ್ದ ಅಪ್ಪ, ಸುಗ್ಗಿ ಮುಗಿದ ಹೊಲಗಳಲ್ಲಿ ಮೊಲದ ಹಿಂದೆ ಅವನ್ನು ಬಿಡುತ್ತಿದ್ದರು. ಆಗ ಕೆಲವು ಪ್ರಾಣಿಗಳನ್ನು ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. ಆ ಬಾಗಿಲು ಮುಚ್ಚಿದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತೊಂಬತ್ತೊಂದರ ತಿದ್ದುಪಡಿಯಲ್ಲಿ. "ಅಪ್ಪನ ಹತ್ರ ಪರವಾನಗಿ ಎಲ್ಲಿಂದ ಬರಬೇಕ್ರಿ? ಅವ್ನೂ ಕಳ್ಳಬೇಟೇನ ಮಾಡಿದ್ದ. ನಾ ಆ ಮೊಲ ಉಂಡಾಕಿ."

ಮುಂದಿನ ಸೋಮವಾರ ಇನ್ನೊಂದು ನಾಯಿ, ಇನ್ನೊಂದು ಸುಳ್ಳು. ಅದರ ಮುಂದಿನ ಸೋಮವಾರ ಎರಡು. ಪಾರ್ವತಿ ಹಳೆಯ ಶಾಲಾ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು: ತಾರೀಖು, ನಾಯಿಯ ಬಣ್ಣ, ಗಾಯ ಎಲ್ಲಿದೆ, ತಂದವನು ಏನು ಹೇಳಿದ. ಐದು ವಾರಕ್ಕೆ ಒಂಬತ್ತು ನಾಯಿ. ಎಲ್ಲವೂ ಭಾನುವಾರದ ರಜೆಯ ಮರುದಿನ ಸೋಮವಾರ, ಎಲ್ಲದರ ಅಂಗಾಲಿನಲ್ಲೂ ಮಹಿ ನದಿಯ ಕೊರಕಲುಗಳ ಹಳದಿ ಮಣ್ಣು.

ಚಿಕಿತ್ಸಾಲಯದ ಡಾಕ್ಟರ್ ನಿಕಿತಾ ಆಗ ಹಿಂಜರಿದಿದ್ದನ್ನು ಮುಚ್ಚಿಡುವುದಿಲ್ಲ. "ನಮ್ಮ ಕೆಲಸ ಚಿಕಿತ್ಸೆ, ಪೊಲೀಸುಗಿರಿ ಅಲ್ಲ ಎಂದು ನಾನೇ ಹೇಳಿದ್ದೆ. ಪಾರ್ವತಿಬೆನ್ ಬರೆಯುವುದನ್ನು ನಿಲ್ಲಿಸಲಿಲ್ಲ."

ಒಂದು ಮಧ್ಯಾಹ್ನ ಪಾರ್ವತಿ ಆ ನೋಟ್‌ಬುಕ್ಕನ್ನು ಸೆರಗಲ್ಲಿ ಸುತ್ತಿಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋದರು. ಜನವರಿಯ ಎರಡನೇ ಭಾನುವಾರ ಬೆಳಿಗ್ಗೆ ಸಿಬ್ಬಂದಿ ಕೊರಕಲಿನಲ್ಲಿ ಕಾದು ಕೂತು ಕಿಶೋರ್ ಸೇರಿ ಐದು ಜನರನ್ನು, ಆರು ನಾಯಿಗಳನ್ನು ಹಿಡಿದರು. ಚೀಲದಲ್ಲಿ ಒಂದು ಸತ್ತ ಮೊಲ. ಫೋನುಗಳಲ್ಲಿ ವಿಡಿಯೊಗಳು. ನಾಯಿಗಳನ್ನು ಮುದ್ದೇಮಾಲು ಎಂದು ಬರೆದುಕೊಂಡು, ಕತ್ತಿಗೆ ನಂಬರಿನ ಚೀಟಿ ಕಟ್ಟಿ, ಕೋರ್ಟು ಬಿಡುವವರೆಗೆ ಆರೈಕೆಗೆಂದು ಇದೇ ಚಿಕಿತ್ಸಾಲಯಕ್ಕೆ ತಂದರು. ಅನ್ನ ಹಾಕಿದ್ದು ಪಾರ್ವತಿಯೇ.

ಸುಳಿವು ಕೊಟ್ಟ ಪಾರ್ವತಿಯ ಹೆಸರು ಹೊರಗೆ ಬರುವುದಿಲ್ಲ ಎಂದು ಭರವಸೆ ಸಿಕ್ಕಿತ್ತು. ಹತ್ತೇ ದಿನಕ್ಕೆ ಬಂತು. ಯಾರು ಹೇಳಿದರು ಎಂಬುದು ಇವತ್ತಿಗೂ ಗೊತ್ತಿಲ್ಲ. ಮನೆ ಬಾಗಿಲಿಗೆ ಯಾರೋ ಮುಳ್ಳುಹಂದಿಯ ಒಂದು ಮುಳ್ಳನ್ನು ಸಿಕ್ಕಿಸಿ ಹೋಗಿದ್ದರು. ತರಕಾರಿಯವನು, ಹಾಲಿನವನು, ಎದುರು ಮನೆಯವರು, ಯಾರನ್ನು ನೋಡಿದರೂ ಇವನೇ ಇರಬಹುದೇ ಅನ್ನಿಸುತ್ತಿತ್ತು. "ಗಂಡನ ಮ್ಯಾಲೂ ಸಂಶಯ ಬಂತ್ರಿ," ಎನ್ನುತ್ತಾರೆ. ಮಲ್ಲಿಕಾರ್ಜುನ ಪಕ್ಕದಲ್ಲೇ ಕೂತು ನಗುತ್ತಾರೆ. "ಎರಡ ದಿನ ನನ್ನ ಫೋನ ತೆಗದ ನೋಡ್ಯಾಳ. ನಾ ಯಾರಿಗೆ ಹೇಳ್ಲಿ? ನಂಗ ಇಕಿ ಪುಸ್ತಕ ಬರಿಯೂದ ಗೊತ್ತಿರ್ಲಿಲ್ಲ."

ಆ ದಿನಗಳಲ್ಲಿ ಒಂದು ತಪ್ಪೂ ಆಯಿತು. ಹಸು ಸಾಕುವ ಮುದುಕರೊಬ್ಬರು ತಂದ ನಾಯಿಯ ಗಾಯವನ್ನು ಪಾರ್ವತಿ ಕಾಡುಹಂದಿಯ ಕೋರೆಯದು ಎಂದು ತಿಳಿದರು, ಅರಣ್ಯ ಇಲಾಖೆಗೆ ಫೋನು ಮಾಡಿದರು. ಸಿಬ್ಬಂದಿ ಓಣಿಯವರೆಲ್ಲರ ಎದುರು ಆ ಮುದುಕರನ್ನು ವಿಚಾರಿಸಿದರು. ಕೊನೆಗೆ ನೋಡಿದರೆ ಹಸುವಿನ ಕೊಂಬು. ಪಾರ್ವತಿ ಅವರ ಮನೆಗೆ ಹೋಗಿ ಕ್ಷಮೆ ಕೇಳಿದರು. ಅವರು ಬಾಗಿಲು ಹಾಕಿಕೊಂಡರು. ಈಗಲೂ ಎದುರು ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರಂತೆ.

ಇದಕ್ಕಿಂತ ದೊಡ್ಡ ಪೆಟ್ಟು ಮಾರ್ಚಿನಲ್ಲಿ ಬಿತ್ತು. ಅಷ್ಟು ಹೊತ್ತಿಗೆ ಬೇಟೆ ತಳಿಯ ನಾಯಿಗಳು ಚಿಕಿತ್ಸಾಲಯಕ್ಕೆ ಬರುವುದೇ ನಿಂತಿತ್ತು. ಒಂದು ಬೆಳಿಗ್ಗೆ ಗೇಟಿನ ಸರಳಿಗೆ ಕಂದು ಬಣ್ಣದ ಹೆಣ್ಣು ನಾಯಿಯೊಂದನ್ನು ಕಟ್ಟಿ ಹೋಗಿದ್ದರು. ಕಾಡುಹಂದಿ ಪಕ್ಕೆ ಸೀಳಿತ್ತು. ಸೀಳಿ ಮೂರು ದಿನವಾಗಿತ್ತು. ಯಾರೋ ಅರಿಸಿನ ತುಂಬಿ, ಹಳೆ ಸೀರೆಯಿಂದ ಬಿಗಿದಿದ್ದರು. ಡಾಕ್ಟರ್ ನಿಕಿತಾ ಎರಡು ಗಂಟೆ ಪ್ರಯತ್ನಿಸಿದರು. ನಾಯಿ ಪಾರ್ವತಿಯ ಕೈಯಲ್ಲೇ ಸತ್ತಿತು.

"ಅರಿಸಿನ ತುಂಬಿದವ್ರಿಗೆ ಆ ನಾಯಿ ಮ್ಯಾಲ ಜೀವ ಇತ್ರಿ. ನನ್ನ ಹೆದರಿಕಿಗೆ ಮೂರ ದಿನ ಮನಿಯಾಗ ಇಟ್ಕೊಂಡಾರ. ಹಂದಿ ಹೊಡದದ್ದು ಖರೆ. ಆದ್ರ ಕೊಂದಾಕಿ ನಾನೂ ಹೌದು." ಅಂದು ಅವರು ಊಟ ಬಿಟ್ಟರು. ಕೆಲಸವನ್ನೂ ಬಿಡುವುದಾಗಿ ಹೇಳಿದರು. ಡಾಕ್ಟರ್ ಬೇಡ ಎಂದು ತಡೆದರು.

ಮರುದಿನ ಅವರು ಒಂದು ತೀರ್ಮಾನ ಮಾಡಿದರು. ಬೆನ್ನ ಹಿಂದೆ ದೂರುವುದು ಇನ್ನಿಲ್ಲ. ಅನುಮಾನದ ಗಾಯ ಬಂದರೆ ತಂದವನ ಎದುರೇ ಹೇಳುವುದು: ನಾಯಿಯನ್ನು ಉಳಿಸುತ್ತೇನೆ, ಆಮೇಲೆ ಅರಣ್ಯ ಇಲಾಖೆಗೆ ಫೋನೂ ಮಾಡುತ್ತೇನೆ, ಎರಡೂ ನಿಮ್ಮ ಮುಂದೆಯೇ. ಡಾಕ್ಟರ್ ನಿಕಿತಾ ಒಪ್ಪಿದರು. ಇದು ನಡೆಯುವ ಮಾತಲ್ಲ ಎಂದು ಅವರಿಗೆ ಅನ್ನಿಸಿತ್ತಂತೆ.

ಕಿಶೋರನ ಮೊಕದ್ದಮೆಯಲ್ಲಿ ಪಾರ್ವತಿ ಸಾಕ್ಷಿ ಹೇಳಿದರು. ಕಿಶೋರನ ವಾದ ಸರಳವಾಗಿತ್ತು: ನಾನು ಬಂದೂಕು ಹಿಡಿದಿಲ್ಲ, ಬಲೆ ಹಾಕಿಲ್ಲ, ನಾಯಿಗಳನ್ನು ಓಡಾಡಿಸಲು ಕರೆದೊಯ್ದೆ, ಅವು ತಾವಾಗಿ ಮೊಲದ ಹಿಂದೆ ಹೋದವು. ಹೊರಗಿನಿಂದ ನೋಡಿದರೆ ಯಾರಿಗೂ ಸರಿ ಎನಿಸುವ ಮಾತು. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದರೆ ಕೊಲ್ಲುವುದು ಎಂದಷ್ಟೇ ಹೇಳುವುದಿಲ್ಲ. ಕಾಡುಪ್ರಾಣಿಯನ್ನು ಬೆನ್ನಟ್ಟಿಸುವುದು, ಓಡಿಸಿ ಕೆಡವುವುದು, ಹಿಡಿಯುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಮೊಲ ತಪ್ಪಿಸಿಕೊಂಡು ಓಡಿಹೋಗಿದ್ದರೂ ಅಪರಾಧ ಅಪರಾಧವೇ. ಉಳಿದಿದ್ದ ಪ್ರಶ್ನೆ ಒಂದೇ: ನಾಯಿ ತಾನಾಗಿ ಓಡಿತೋ, ಮನುಷ್ಯ ಬಿಟ್ಟನೋ? ವಿಡಿಯೊದಲ್ಲಿ ಕಿಶೋರನ ದನಿ ಸ್ಪಷ್ಟವಾಗಿತ್ತು. "ಛೋಡ್, ಛೋಡ್!" ಬಿಡು, ಬಿಡು.

ಆರೋಪಿಯ ವಕೀಲರು ಪಾರ್ವತಿಯನ್ನು ಓದಿನ ಬಗ್ಗೆ ಕೇಳಿದರು. ಏಳನೇ ತರಗತಿ. ಡಾಕ್ಟರೇ? ಅಲ್ಲ. ಮುಳ್ಳುಹಂದಿಯ ಮುಳ್ಳು ಎಂದು ಹೇಗೆ ಹೇಳುತ್ತೀರಿ? ಪಾರ್ವತಿ ಮುಚ್ಚಿಡಲಿಲ್ಲ, ತಮ್ಮ ಅಪ್ಪ ಮಾಡುತ್ತಿದ್ದುದನ್ನು ತುಂಬಿದ ಕೋರ್ಟಿನಲ್ಲಿ ಹೇಳಿದರು. ಕೊನೆಗೆ ವಕೀಲರು ಮಾರ್ಚಿನ ನಾಯಿಯನ್ನು ಎತ್ತಿಕೊಂಡರು. "ನಿಮ್ಮ ಮೇಲಿನ ಭಯಕ್ಕೇ ಒಂದು ನಾಯಿ ಸತ್ತಿತಲ್ಲವೇ?"

"ಹೌದು," ಎಂದರು ಪಾರ್ವತಿ. "ಅದನ್ನೂ ಬರೆದುಕೊಳ್ಳಿ."

ಕಳೆದ ವರ್ಷ ತೀರ್ಪು ಬಂತು. ಕಿಶೋರನಿಗೆ ಒಂದು ವರ್ಷದ ಜೈಲು. ಆತ ಮೇಲ್ಮನವಿ ಸಲ್ಲಿಸಿ ಜಾಮೀನಿನ ಮೇಲಿದ್ದಾನೆ. ತೀರ್ಪಿನ ದಿನ ಕೋರ್ಟಿನ ಜಗಲಿಯಲ್ಲಿ ಎದುರಾಗಿ, "ನಿಮ್ಮ ಬಾಯಲ್ಲೇ ಕೇಳಬೇಕು, ಮೊದಲು ಇಲಾಖೆಗೆ ಹೇಳಿದ್ದು ನೀವೇನಾ?" ಎಂದು ಕೇಳಿದನಂತೆ. ನಾನೇ ಎಂದರಂತೆ ಪಾರ್ವತಿ. ಆತ ಜಗಲಿ ಇಳಿದು ಹೋದ.

ಎದುರೇ ಹೇಳುವ ನಿಯಮ ಮಾಡಿಕೊಂಡ ಮೇಲೆ ಅಂಥ ಗಾಯದ ನಾಯಿ ತಂದವರು ಎಂಟು ಮಂದಿ. ಮಾತು ಕೇಳುತ್ತಲೇ ಇಬ್ಬರು ನಾಯಿಯನ್ನು ಎತ್ತಿಕೊಂಡು ಓಡಿದರು. ಆರು ಮಂದಿ ನಿಂತರು. ನನಗೆ ಲೆಕ್ಕದ ಮೇಲೆ ಅನುಮಾನ. ಡಾಕ್ಟರ್ ನಿಕಿತಾರ ರಿಜಿಸ್ಟರು ತೆಗೆಸಿ ನೋಡಿದೆ. ನಾಯಿ ತಂದವರ ಎಂಟು ಹೆಸರು, ಚಿಕಿತ್ಸೆ ಮುಗಿದ ಮೇಲೆ ಹಾಕಿದ ಆರು ಸಹಿ. ಸರಿಯಿದೆ.

ಹೊರಡುವ ಮುನ್ನ, ಇಷ್ಟು ವರ್ಷದ ಕೆಲಸದಲ್ಲಿ ನಿಮಗೆ ಹೆಮ್ಮೆ ಎನಿಸಿದ್ದು ಕೋರ್ಟಿನ ತೀರ್ಪೇ ಎಂದು ಕೇಳಿದೆ. ಪಾರ್ವತಿ ಕೈಗವಸು ಕಳಚುತ್ತಾ ತಲೆ ಅಲ್ಲಾಡಿಸಿದರು.

"ಅದಲ್ರಿ. ಹೋದ ಚಳಿಗಾಲದಾಗ ಒಬ್ಬ ಬಂದ. ಹರೇದ ಹುಡುಗ ಅಲ್ಲ, ಅರವತ್ತರ ಹಿರಿಯ. ನಾ ಕೇಳೂಕಿಂತ ಮೊದ್ಲ, 'ಹಂದಿ ಹೊಡದೈತಿ, ನಾಯಿ ಬಿಟ್ಟಾಂವ ನಾನ' ಅಂದ. ಫೋನ್ ಮಾಡ್ತೀನಿ ಅಂದೆ. 'ಮಾಡ್ರಿ, ಮೊದ್ಲ ಇದನ್ನ ನೋಡ್ರಿ' ಅಂತ ಅದರ ಕಾಲ ಹಿಡ್ಕೊಂಡ. ಹೊಲಿಗಿ ಮುಗಿಯೂ ತನಕ ಬಿಡ್ಲಿಲ್ಲ, ಇಲಾಖಿ ಜೀಪ್ ಬರೂ ತನಕ ಅಲುಗ್ಲಿಲ್ಲ. ನಾಯಿ ಬದುಕೇತ್ರಿ."