ಈರುಳ್ಳಿ ಕೂಗಿದ ಗಂಟಲು

ಯಶವಂತಪುರದ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಈರುಳ್ಳಿ ಹರಾಜು ಕೂಗಿದವನು ನಾನು. ಲಾರಿ ಹಾರ್ನಿಗೂ ಸೊಪ್ಪು ಹಾಕದ ದನಿ. ಜಂಬವಿತ್ತು, ಸುಳ್ಳೇಕೆ ಹೇಳಲಿ. ಆ ದನಿ ಒಡೆದು ಮೂರು ತಿಂಗಳಾದರೂ ಧೂಳು, ಶೀತ ಎಂದು ಕಷಾಯ ಕುಡಿದುಕೊಂಡಿದ್ದೆ. ದೊಡ್ಡ ಆಸ್ಪತ್ರೆಯ ಡಾಕ್ಟರು ಗಂಟಲಿಗೆ ಕೊಳವೆ ಇಳಿಸಿ ನೋಡಿ, ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು.

ಆಪರೇಷನ್ನಿನ ಹಿಂದಿನ ದಿನ ರೋಗಿಗಳ ನೆರವು ವಿಭಾಗದ ಮೇಡಂ ವಾರ್ಡಿಗೆ ಬಂದರು. “ನಾಳೆಯಿಂದ ಈ ವಾಯ್ಸ್ ಇರಲ್ಲ ಸರ್. ಮನೆಯವ್ರಿಗೋಸ್ಕರ ಏನಾದ್ರೂ ರೆಕಾರ್ಡ್ ಮಾಡಿಡಿ,” ಎಂದರು. ಅವರು ಹೋದ ಮೇಲೆ ನನ್ನ ಹೆಂಡತಿ ಫೋನ್ ಹಿಡಿದು, “ನನ್ ಹೆಸ್ರು ಒಂದ್ಸಲ ಹೇಳಿ, ಸಾಕು,” ಎಂದಳು.

ಮದುವೆಯಾದಂದಿನಿಂದ ನಾನು ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನೂ ಅಷ್ಟೇ, ಅಜ್ಜನೂ ಅಷ್ಟೇ. ‘ಏಯ್’ ಎಂದರೆ ಅವಳು. ತವರಿನ ಹಿರಿಯರು ತೀರಿದ ಮೇಲೆ ಹೆಸರಿಟ್ಟು ಕರೆಯುವವರೇ ಅವಳಿಗಿರಲಿಲ್ಲ.

ಪಕ್ಕದ ಮಂಚದವರು ನೋಡುತ್ತಿದ್ದರು. ನಾಚಿಕೆಯಾಗಿ ಸಿಟ್ಟು ಬಂತು; ನನಗೆ ಎಲ್ಲದಕ್ಕೂ ಬರುವುದು ಅದೇ. ಒಡಕು ದನಿಯಲ್ಲೇ ಈರುಳ್ಳಿ ಹರಾಜು ಕೂಗಿ ತಮಾಷೆ ಮಾಡಿದೆ. ವಾರ್ಡೆಲ್ಲ ನಕ್ಕಿತು. ಅವಳು ನಗಲಿಲ್ಲ. “ಏಯ್, ಆಫ್ ಮಾಡೇ. ಬೆಳಗ್ಗೆ ಹೇಳ್ತೀನಿ,” ಎಂದೆ.

ಬೆಳಗ್ಗೆ ಅವಳು ಕೆಳಗೆ ಕಾಫಿಗೆ ಹೋದಾಗಲೇ ಸ್ಟ್ರೆಚರ್ ಬಂತು. “ಒಂದ್ನಿಮಿಷ ಗುರು, ನಮ್ಮನೆಯವ್ಳು ಬರ್ಲಿ,” ಎಂದೆ. “ಮೇಲೆ ಕಾಯ್ತಿದಾರೆ ಸರ್,” ಎಂದು ತಳ್ಳಿಕೊಂಡು ಹೋದರು. ಲಿಫ್ಟ್ ಮುಚ್ಚುವ ಮೊದಲು ಅವಳು ಲೋಟ ಹಿಡಿದು ಬರುವುದು ಕಂಡಿತು. ಆಗಲಾದರೂ ಹೇಳಬಹುದಿತ್ತು. ಬಾಯಿಗೆ ಬಂದದ್ದು ‘ಏಯ್’ ಒಂದೇ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈಗ ಉಸಿರಾಡುವುದು ಕತ್ತಿನ ತೂತಿನಿಂದ. ಆ ಹರಾಜು ಅವಳ ಫೋನಿನಲ್ಲಿದೆ. ಅವಳು ಅದನ್ನು ಹಾಕಿ ಕೇಳಿದ್ದನ್ನು ನಾನು ನೋಡಿಲ್ಲ. ನೆರವು ವಿಭಾಗದವರು ಕತ್ತಿಗೆ ಒತ್ತಿಕೊಂಡು ಮಾತಾಡುವ, ಟಾರ್ಚಿನಂಥ ಯಂತ್ರವೊಂದನ್ನು ಕೊಡಿಸಿದರು. ಎರಡು ತಿಂಗಳು ಯಾರಿಗೂ ಹೇಳದೆ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಕೂತು ಅವಳ ಹೆಸರೊಂದನ್ನೇ ಅಭ್ಯಾಸ ಮಾಡಿದೆ. ದಾರಿಯಲ್ಲಿ ಹೋಗುವವರು ತಿರುತಿರುಗಿ ನೋಡುತ್ತಿದ್ದರು. ನೋಡಲಿ ಎಂದು ಬಿಟ್ಟೆ.

ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಯಂತ್ರ ಒತ್ತಿಕೊಂಡು ಅವಳ ಹೆಸರು ಹೇಳಿದೆ. ಮಿಕ್ಸಿ ಗುರ್ರೆಂದಂತೆ ಬಂತು. ಅವಳು ನನಗೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತಿದ್ದಳು. ಕರೆದದ್ದು ತನ್ನನ್ನೇ ಎಂದು ಅವಳಿಗೆ ಗೊತ್ತಾಗಲಿಲ್ಲ. ಮತ್ತೊಮ್ಮೆ ಹೇಳಿದೆ. ಸುಲಿಯುತ್ತಲೇ ಇದ್ದಳು.

ಕೊನೆಗೆ ‘ಏಯ್’ ಎಂದೆ.

“ಹಾಂ, ಬಂದೆ. ಏನ್ ಬೇಕಿತ್ರೀ?” ಎಂದು ತಿರುಗಿದಳು.

ನೀರು ಎಂದು ಕೈ ತೋರಿಸಿದೆ.