ಬಂದಿದ್ದೆಷ್ಟು, ಸೇರಿಸಿದ್ದೆಷ್ಟು

ಅರಸೀಕೆರೆಯ ಪೊಲೀಸ್ ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆಯನ್ನು ಎಲ್ಲರೂ ರೈಟರಮ್ಮ ಎನ್ನುತ್ತಿದ್ದರು. ಮೊಬೈಲ್ ಸಂದೇಶದ ಕೇಸಿನವರು ಎದುರು ಕೂತರೆ, ಪೆನ್ನಿನ ಮುಚ್ಚಳ ತೆಗೆಯುವ ಮೊದಲು ಒಂದೇ ಪ್ರಶ್ನೆ: "ಬಂದಿದ್ದೆಷ್ಟು, ನೀವು ಸೇರ್ಸಿದ್ದೆಷ್ಟು?"

ನಾನು ಸೇರಿಸಿದ್ದು ಒಂದೇ ಪದ. "ಸ್ಟೇಷನ್ನಿನಲ್ಲಿ ಬಾಂಬ್ ಇದೆ" ಎಂದು ಎಲ್ಲಿಂದಲೋ ಬಂದ ಸಂದೇಶಕ್ಕೆ, ಜನ ನಂಬಲೆಂದು "ನಮ್ಮ" ಎಂದು ಸೇರಿಸಿ ವಾಟ್ಸಾಪ್ ಗುಂಪಿಗೆ ಕಳಿಸಿದ್ದೆ. ನಮ್ಮೂರಲ್ಲಿ ಸ್ಟೇಷನ್ ಎಂದರೆ ರೈಲ್ವೆ ಸ್ಟೇಷನ್ನೇ. ಅಲ್ಲಿ ನೂಕುನುಗ್ಗಲಾಗಿ ಹಾರನಹಳ್ಳಿಯ ಹೂವಿನ ಹೆಂಗಸೊಬ್ಬರ ಕೈ ಮುರಿಯಿತು.

"ಹಂಗೇ ಬಂದಿತ್ತು ಕಣಮ್ಮ," ಎಂದು ಸುಳ್ಳು ಹೇಳಿದೆ. ಸೈಬರ್ ಭಯೋತ್ಪಾದನೆಗೆ ಜೀವಾವಧಿ ಶಿಕ್ಷೆ ಎಂದು ಕೇಳಿದ್ದೆ.

ಮುಚ್ಚಳ ತೆಗೆಯಲಿಲ್ಲ ರೈಟರಮ್ಮ. "ಆ ಕಾನೂನು ಬೇಕಂತ್ಲೇ ದೇಶನೇ ಬೆದರಿಸೋರಿಗೆ, ಯಜಮಾನ್ರೇ. ನಿಮ್ದಕ್ಕೆ ಬೇರೆ ಕೇಸೈತೆ. ನೀವು ಮಾಡಿದ್ದಷ್ಟೇ ಬರಿತೀನಿ, ನಾನೂ ಒಂದಕ್ಷರ ಸೇರ್ಸಲ್ಲ. ಹೇಳಿ."

"'ನಮ್ಮ' ಅನ್ನೋದು ನಂದು," ಎಂದೆ. ಆಗ ಮುಚ್ಚಳ ತೆಗೆದರು.

ಕೋರ್ಟಿನಲ್ಲೂ ಹಾಗೆಯೇ ಒಪ್ಪಿಕೊಂಡೆ. ಹೂವಿನಾಕೆ ಈಗ ಮತ್ತೆ ಮೊಗ್ಗು ಕಟ್ಟುತ್ತಿದ್ದಾರೆ. ರೈಟರಮ್ಮ ಬೇಲೂರಿಗೆ ವರ್ಗವಾದರು. ಗುಂಪಿಗೆ ಏನೇ ಬಂದರೂ ಅವರ ಪ್ರಶ್ನೆಯನ್ನು ನಾನೇ ಕೇಳುತ್ತೇನೆ. "ಬಂದ್ರು ನೋಡ್ರಪ್ಪಾ ರೈಟರಜ್ಜ!" ಎಂದು ಗುಂಪಿನವರು ಛೇಡಿಸುತ್ತಾರೆ. ಆಮೇಲೆ, ಸದ್ದಿಲ್ಲದೆ ಸಂದೇಶ ಅಳಿಸುತ್ತಾರೆ.