ಗಂಗಾಂಬಿಕೆಯ ಬಲಗೈ

ಹೊಳೆನರಸೀಪುರದಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಚಂದ್ರಮೌಳಿ ಮೇಷ್ಟ್ರಿಗೆ ಮುಂದಾಗುವುದನ್ನು ಮೊದಲೇ ಹೇಳುವ ಚಪಲ. ಪರೀಕ್ಷೆಗೆ ಬರುವ ಹತ್ತು ಲೆಕ್ಕಗಳಲ್ಲಿ ಏಳನ್ನು ಹೇಳಿಬಿಡುತ್ತಿದ್ದರು. ತಪ್ಪಿದ ಮೂರಕ್ಕೆ ಪ್ರಶ್ನೆಪತ್ರಿಕೆ ತೆಗೆದವರನ್ನು ಬೈಯುತ್ತಿದ್ದರು.

ನಿವೃತ್ತರಾದ ಮೇಲೆ ಆ ಚಪಲಕ್ಕೆ ಸಿಕ್ಕಿದ್ದು ಹೆಂಡತಿ ಗಂಗಾಂಬಿಕೆಯ ಬಲಗೈ. ಎರಡು ವರ್ಷದಿಂದ ಅದು ನಡುಗುತ್ತಿತ್ತು. ಹಾಸನದ ಡಾಕ್ಟರು ಕೊಟ್ಟ ಮಾತ್ರೆ ಅದನ್ನು ತಗ್ಗಿಸಿತ್ತೇ ಹೊರತು ನಿಲ್ಲಿಸಿರಲಿಲ್ಲ. ಒಮ್ಮೆ ಬಿಸಿ ಹಾಲಿನ ಪಾತ್ರೆ ಜಾರಿ ಕಾಲ ಮೇಲೆ ಬಿದ್ದಂದಿನಿಂದ ಮೇಷ್ಟ್ರು ಆಕೆಯ ಕೈಗೆ ಏನನ್ನೂ ಕೊಡುತ್ತಿರಲಿಲ್ಲ. ಕಾಫಿ ತಾವೇ ಬೆರೆಸಿದರು, ಹೂ ತಾವೇ ಕಟ್ಟಿದರು. ಆ ಮಾಲೆ ದೇವರ ಕೊರಳು ಸೇರುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. ಗಂಗಾಂಬಿಕೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದರು.

ಬಾಣಂತನಕ್ಕೆ ಬಂದ ಮಗಳು ಪ್ರತಿಭಾ ಹೆಣ್ಣು ಹೆತ್ತಾಗ ಗಂಗಾಂಬಿಕೆ ಒಂದೇ ಒಂದು ಆಸೆ ಹೇಳಿದರು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟನ್ನು ತಾನೇ ಇಡಬೇಕು.

"ಬೆರಳು ಕಣ್ಣಿಗೋದ್ರೆ?" ಎಂದರು ಮೇಷ್ಟ್ರು. ಆಕೆ ಮುಖ ತಿರುಗಿಸಿದ್ದನ್ನು ನೋಡಲಾಗದೆ, "ಇರು, ನಡುಕ ಯಾವಾಗ ನಿಲ್ತದೆ ಅಂತ ಲೆಕ್ಕ ಹಾಕಿ ಹೇಳ್ತೀನಿ" ಎಂದು ಸೇರಿಸಿದರು.

ಅಂದಿನಿಂದ ದಿನವೂ ಆಕೆಯ ಕೈಯನ್ನು ದಿಂಬಿನ ಮೇಲಿಟ್ಟು, ಬೆರಳಿಗೆ ಪೆನ್ಸಿಲು ಕಟ್ಟಿ, ಅದರಡಿ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಮೆಲ್ಲಗೆ ಎಳೆದರು. ಹಾಳೆ ತುಂಬ ಅಲೆಗಳು. ಒಂದು ಅಲೆ ನೋಡಿ ಮುಂದಿನದನ್ನು ಹೇಳಬಹುದಿತ್ತು, ಐದನೆಯದು ಅರ್ಧಂಬರ್ಧ, ಇಪ್ಪತ್ತನೆಯದು ದೇವರಿಗೇ ಗೊತ್ತು. ನಡುಕ ಒಮ್ಮೆ ಏರುತ್ತಿತ್ತು, ಒಮ್ಮೆ ತಗ್ಗುತ್ತಿತ್ತು; ಯಾಕೆಂದು ಅದಕ್ಕೇ ತಿಳಿದಂತಿರಲಿಲ್ಲ. ಪೂರ್ತಿ ನಿಂತದ್ದಂತೂ ಯಾವ ಹಾಳೆಯಲ್ಲೂ ಇರಲಿಲ್ಲ. ಮೇಷ್ಟ್ರಿಗೆ ಅಳು ಬಂತು. ಹಾಳೆಗಳನ್ನು ಮಡಿಚಿಟ್ಟು ಹಿತ್ತಲಿಗೆ ಹೋದರು.

ತೊಟ್ಟಿಲ ದಿನ ಪ್ರತಿಭಾ ಮಗುವನ್ನೆತ್ತಿಕೊಂಡು ಕಾಡಿಗೆ ಡಬ್ಬಿ ಹಿಡಿದು ಅಮ್ಮನ ಮುಂದೆ ಕೂತಳು. ಮೇಷ್ಟ್ರು ಹೆಂಡತಿಯ ಮಡಿಲಲ್ಲಿದ್ದ ಕೈಯನ್ನೇ ನೋಡುತ್ತ, "ಈಗ್ಬ್ಯಾಡ. ನಡುಕ ಇನ್ನೂ ಜಾಸ್ತಿ ಆಯ್ತದೆ, ಇರು" ಎಂದರು.

"ನೀವು ಹೇಳೋ ಹೊತ್ಗೆ ಇವಳ ಮದ್ವೆ ಆಗಿರ್ತದೆ ಕಣ್ರೀ" ಎಂದ ಗಂಗಾಂಬಿಕೆ ಬೆರಳನ್ನು ಕಾಡಿಗೆಗೆ ಅದ್ದಿ ನೇರ ಮಗುವಿನ ಕೆನ್ನೆಗೆ ಒಯ್ದರು. ಹೊರಟ ಕೈ ನಡುಗಲಿಲ್ಲ. ಬೊಟ್ಟು ದುಂಡಗೆ ಕೂತಿತು. ಮಗು ಆಕಳಿಸಿತು. ಮಡಿಲಿಗೆ ಮರಳಿದ ಮೇಲೆ ಕೈ ಮತ್ತೆ ನಡುಗತೊಡಗಿತು.

ಮೇಷ್ಟ್ರು ಬೆಪ್ಪಾಗಿ ನಿಂತರು. ಅಷ್ಟೂ ಹಾಳೆಗಳಲ್ಲಿ ಇದ್ದದ್ದು ಸುಮ್ಮನೆ ಕೂತ ಕೈ. ಕೆಲಸ ಮಾಡುವ ಕೈಯನ್ನು ಅವರು ಅಳೆದೇ ಇರಲಿಲ್ಲ. ಅದಕ್ಕೆ ಕೆಲಸವನ್ನೇ ಕೊಟ್ಟಿರಲಿಲ್ಲ. ಪ್ರೀತಿಯಿಂದಲೇ ಇಷ್ಟು ದಿನ ಇವಳನ್ನು ಕಟ್ಟಿಹಾಕಿದ್ದೆನಲ್ಲ ಎಂದುಕೊಂಡರು.

ಮಾರನೆಯ ಬೆಳಿಗ್ಗೆ ಅವರು ಒಲೆಯ ಬಳಿ ಹೋಗಲಿಲ್ಲ. "ಗಂಗಾ, ಒಂದ್ಲೋಟ ಕಾಪಿ ಕೊಡು" ಎಂದರು.

"ತರೋವಷ್ಟ್ರಲ್ಲಿ ಚೆಲ್ತದೆ. ಎಷ್ಟು ಚೆಲ್ತದೆ ಅಂತ ಲೆಕ್ಕ ಹಾಕಿದ್ದೀರಾ?"

"ಇಲ್ಲ" ಎಂದರು ಮೇಷ್ಟ್ರು. "ಉಳಿದಷ್ಟು ಕುಡೀತೀನಿ."